ಒಂದೇ ಮಾತ್ರೆ, ಒಬ್ಬೊಬ್ಬರಿಗೆ ಒಂದೊಂದು ಥರ: ಹೃದ್ರೋಗಿಗಳ ಜೊತೆ ನನ್ನ ಅನುಭವ

ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ ಬೇಕು. ಒಬ್ಬರಿಗೆ ದಿನಕ್ಕೆ 2 ಮಿ.ಗ್ರಾಂ ವಾರ್ಫರಿನ್ ಸಾಕು. ಅದೇ ವಯಸ್ಸಿನ, ಅದೇ ತೂಕದ ಇನ್ನೊಬ್ಬರಿಗೆ 8 ಮಿ.ಗ್ರಾಂ ಕೊಟ್ಟರೂ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಪರೀಕ್ಷೆಯ ಅಂಕಿ) ಏರುವುದಿಲ್ಲ. ಆಗ ನಾವು ಡಾಕ್ಟರುಗಳು ಕೇಳುವುದು ಒಂದೇ. "ಮಾತ್ರೆ ತಪ್ಪಿಸಿದ್ರಾ? ಸೊಪ್ಪು ಜಾಸ್ತಿ ತಿಂದ್ರಾ?" ಕೇಳಬೇಕು ನಿಜ. ಆದರೆ ಎಷ್ಟೋ ಸಲ ಪಾಪ, ಪೇಷಂಟ್ ತಪ್ಪು ಏನೂ ಇರುವುದಿಲ್ಲ.

ವಾರ್ಫರಿನ್ ಅನ್ನು ಲಿವರ್‌ನಲ್ಲಿ ಒಡೆಯುವ ಮುಖ್ಯ ಕಿಣ್ವ ಸಿವೈಪಿ2ಸಿ9. ಅದರ ಜೀನ್ ದುರ್ಬಲವಾಗಿದ್ದರೆ ಔಷಧಿ ದೇಹದಲ್ಲೇ ಉಳಿಯುತ್ತದೆ, ಸಣ್ಣ ಡೋಸ್‌ಗೇ ಒಸಡಿನಲ್ಲಿ ರಕ್ತ ಬರಬಹುದು. ವಿಕೆಒಆರ್‌ಸಿ1 ಎಂಬ ಇನ್ನೊಂದು ಜೀನ್ ಕೂಡ ಡೋಸ್ ಏರಿಸುತ್ತದೆ, ಇಳಿಸುತ್ತದೆ. ಹಾಗಂತ ವಾಲ್ವ್ ಪೇಷಂಟ್‌ಗಳಿಗೆ ನಾನು ಜೀನ್ ಪರೀಕ್ಷೆ ಬರೆಯುವುದಿಲ್ಲ. 2013ರಲ್ಲಿ ಯುರೋಪಿನ ಅಧ್ಯಯನ ಲಾಭವಿದೆ ಎಂದಿತು, ಅಮೆರಿಕದ ಅಧ್ಯಯನ ಇಲ್ಲ ಎಂದಿತು. ಕಮ್ಮಿ ಡೋಸ್‌ನಲ್ಲಿ ಶುರು ಮಾಡಿ, ಬೇಗ ಬೇಗ ಐಎನ್‌ಆರ್ ನೋಡಿ, ವಾರದ ಒಟ್ಟು ಡೋಸ್ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಬದಲಾಯಿಸುತ್ತೇನೆ. ಜೀನ್ ಏನು ಮಾಡುತ್ತಿದೆ ಅಂತ ಐಎನ್‌ಆರೇ ಹೇಳಿಬಿಡುತ್ತದೆ.

ಹೃದಯದ ರಕ್ತನಾಳ ಮುಚ್ಚದಂತೆ ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿದವರ ಕಥೆ ಬೇರೆ. ಅವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕೊಡುವುದು ವಾಡಿಕೆ. ಈ ಮಾತ್ರೆ ನುಂಗಿದಾಗ ಕೆಲಸ ಮಾಡುವ ರೂಪದಲ್ಲಿ ಇರುವುದೇ ಇಲ್ಲ. ಲಿವರ್‌ನ ಸಿವೈಪಿ2ಸಿ19 ಕಿಣ್ವ ಅದನ್ನು ಬದಲಾಯಿಸಬೇಕು. ಕಿಣ್ವ ಮಂದವಾಗಿದ್ದರೆ ಮಾತ್ರೆ ತಪ್ಪದೆ ತಗೊಂಡರೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತಲೇ ಇರುತ್ತವೆ. ಇಲ್ಲಿ ತಿಂಗಳಿಗೊಮ್ಮೆ ಎಚ್ಚರಿಸುವ ಐಎನ್‌ಆರ್ ಇಲ್ಲ. ಸ್ಟೆಂಟ್ ಮುಚ್ಚಿಕೊಂಡಾಗಲೇ ಗೊತ್ತಾಗುವುದು.

ಈ ಮಂದ ಜೀನ್ ನಮ್ಮ ಕಡೆ ಜಾಸ್ತಿ. ಈ ಜೀನ್‌ಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ಬ್ರಿಟನ್‌ನಲ್ಲಿರುವ ಬಾಂಗ್ಲಾದೇಶ, ಪಾಕಿಸ್ತಾನ ಮೂಲದವರ ಮೇಲೆ 2023ರಲ್ಲಿ ಬಂದ ಅಧ್ಯಯನದಲ್ಲಿ ಶೇ. 57 ಮಂದಿಗೆ ಕನಿಷ್ಠ ಒಂದು ಮಂದ ಪ್ರತಿ ಇತ್ತು. ಎರಡೂ ಪ್ರತಿ ಮಂದವಾಗಿರುವವರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಕೆ ಹಾಕಿಸಿದೆ.

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ನಾನು ಮೊದಲು ಕ್ಲೋಪಿಡೋಗ್ರೆಲ್ ಬದಲು ಅದೇ ಕೆಲಸ ಮಾಡುವ ಟಿಕಾಗ್ರೆಲಾರ್ ಕೊಡುತ್ತೇನೆ. ಅದಕ್ಕೆ ಈ ಕಿಣ್ವದ ಹಂಗಿಲ್ಲ. ಕೆಲವರಿಗೆ ಅದರಿಂದ ಉಸಿರು ಕಟ್ಟಿದ ಹಾಗಾಗುತ್ತದೆ, ಮತ್ತೆ ಅಟ್ಯಾಕ್ ಅಂತ ಹೆದರಿ ರಾತ್ರಿಯೇ ಓಡಿಬರುತ್ತಾರೆ. ದಿನಕ್ಕೆ ಎರಡು ಸಲ ಬೇರೆ ತಗೋಬೇಕು, ಸಂಜೆಯದ್ದು ಮರೆಯುತ್ತದೆ. ಇಂಥವರಿಗೆ, ರಕ್ತಸ್ರಾವದ ಭಯ ಇರುವವರಿಗೆ ಸಿವೈಪಿ2ಸಿ19 ಪರೀಕ್ಷೆ ಬರೆಯುತ್ತೇನೆ. ಜೀನ್ ಸರಿಯಿದ್ದರೆ ನಿಶ್ಚಿಂತೆಯಿಂದ ಕ್ಲೋಪಿಡೋಗ್ರೆಲ್‌ಗೆ ಇಳಿಸಬಹುದು. ಮಂದವಾಗಿದ್ದರೆ ಇದೇ ಗುಂಪಿನ ಇನ್ನೊಂದು ಮಾತ್ರೆ ಪ್ರಸುಗ್ರೆಲ್ ಯೋಚಿಸುತ್ತೇನೆ. ಆದರೆ ಹಿಂದೆ ಸ್ಟ್ರೋಕ್ ಆದವರಿಗೆ ಅದು ಬೇಡವೇ ಬೇಡ. 60 ಕೆ.ಜಿ.ಗಿಂತ ಕಮ್ಮಿ ಇರುವವರಲ್ಲೂ ಹುಷಾರು. ನಮ್ಮ ಹಳ್ಳಿ ಅಜ್ಜಿಯರ ತೂಕ ನೋಡಿದ್ದೀರಲ್ವಾ?

ಎಲ್ಲರಿಗೂ ಯಾಕೆ ಬರೆಯುವುದಿಲ್ಲ ಅಂದರೆ, ಪುರಾವೆ ಇನ್ನೂ ಅಷ್ಟು ಗಟ್ಟಿಯಿಲ್ಲ. 2020ರ ದೊಡ್ಡ ಅಧ್ಯಯನವೊಂದರಲ್ಲಿ ಮಂದ ಜೀನ್ ಇದ್ದವರ ಪೈಕಿ, ಪರೀಕ್ಷೆ ನೋಡಿ ಮಾತ್ರೆ ಆರಿಸಿದವರಲ್ಲಿ ಶೇ. 4ರಷ್ಟು ಮಂದಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ತೊಂದರೆಯಾಯಿತು, ಉಳಿದವರಲ್ಲಿ ಶೇ. 5.9. ವ್ಯತ್ಯಾಸ ಕಾಣುತ್ತದೆ, ಆದರೆ ಅದು ಆಕಸ್ಮಿಕವಲ್ಲ ಅಂತ ಅಂಕಿಅಂಶದ ಲೆಕ್ಕದಲ್ಲಿ ಸಾಬೀತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಸುಮ್ನೆ ಎಲ್ಲರ ಜೇಬಿಗೂ ಕೈ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

ಜೀನ್ ಚೆನ್ನಾಗಿದ್ದರೂ ಒಂದು ತಕರಾರು ಇದೆ. ಮೆಡಿಕಲ್ ಶಾಪ್‌ನಿಂದ ಕೇಳಿ ತರುವ ಗ್ಯಾಸ್ ಮಾತ್ರೆ! ಅದರಲ್ಲಿ ಒಂದಾದ ಒಮೆಪ್ರಜೋಲ್, ಕ್ಲೋಪಿಡೋಗ್ರೆಲ್‌ಗೆ ಬೇಕಾದ ಇದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುತ್ತದೆ. ಬೇಕೇ ಬೇಕಿದ್ದರೆ ಪ್ಯಾಂಟೊಪ್ರಜೋಲ್ ಬರೆದುಕೊಡುತ್ತೇನೆ.

ಜೀನ್ ರಿಪೋರ್ಟ್ ಮಾತ್ರ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ ಎನ್ನುತ್ತೇನೆ. ಅದು ಬದಲಾಗುವುದಿಲ್ಲ, ಆಸ್ಪತ್ರೆ ಬದಲಿಸಿದರೂ ಮತ್ತೆ ದುಡ್ಡು ಕಟ್ಟಬೇಕಿಲ್ಲ. ನಾಳೆ ಒಡಹುಟ್ಟಿದವರಿಗೆ ಸ್ಟೆಂಟ್ ಹಾಕುವ ಪ್ರಸಂಗ ಬಂದರೆ ಆ ಡಾಕ್ಟರಿಗೂ ತೋರಿಸಲಿ.