ಜಪಾನಿ ವಾಸ್ತುಶಿಲ್ಪದ ಉಪನ್ಯಾಸ: ಕೈಯಲ್ಲಿ ಪೆನ್ಸಿಲ್, ತಲೆಯಲ್ಲಿ 910

ಈಗಿನ ಜಪಾನಿ ಕಟ್ಟಡಗಳ ಉಪನ್ಯಾಸದಲ್ಲಿ ಮೋಸ ಹೋಗುವುದು ಅಳತೆಯಲ್ಲೇ. ಪರದೆಯ ಮೇಲೆ ಎಲ್ಲ ಬಿಳಿ, ಖಾಲಿ, ವಿಶಾಲ. ಲೆಕ್ಕ ಹಾಕಿದರೆ ಎಷ್ಟೋ ಮನೆಗಳು ನಮ್ಮ 30×40 ಸೈಟಿನ ಒಂದು ಮೂಲೆಯಲ್ಲಿ ಕೂರುವಂಥವು. ಅದಕ್ಕೇ ಹೊರಡುವ ಮುಂಚೆ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತೇನೆ: ಒಂದು ಶಾಕು (ಜಪಾನಿನ ಹಳೆಯ ಅಡಿ) 303 ಮಿ.ಮೀ., ಮರದ ಮನೆಗಳ ಮಾಡ್ಯೂಲ್, ಅಂದರೆ ಮತ್ತೆ ಮತ್ತೆ ಬರುವ ಮೂಲ ಅಳತೆ, ಮೂರು ಶಾಕು, ಸುಮಾರು 910 ಮಿ.ಮೀ. ಜಾಗ ಅಳೆಯುವ ತ್ಸುಬೊ ಒಂದಕ್ಕೆ 3.3 ಚದರ ಮೀಟರು, ಸುಮಾರು 35.6 ಚದರಡಿ. 30×40 ಸೈಟು ಸುಮಾರು 34 ತ್ಸುಬೊ.

ಇಷ್ಟಿದ್ದರೆ ಫೋಟೊದಿಂದಲೇ ಅಳತೆ ತೆಗೆಯಬಹುದು. ವಾಸ್ತುಶಿಲ್ಪಿ ತದಾವೊ ಆಂಡೊ ಅವರ ಕಾಂಕ್ರೀಟು ಗೋಡೆಯಲ್ಲಿ ಶಟರಿಂಗ್ ಹಲಗೆಯ ಗುರುತು ಸಾಮಾನ್ಯವಾಗಿ 900×1800 ಮಿ.ಮೀ. ಅಡ್ಡ ಹಾಕಿದ ಹಲಗೆಗಳ ಸಾಲು ಎಣಿಸಿ. ಮೂರು ಸಾಲಾದರೆ ಗೋಡೆ 2.7 ಮೀಟರು.

ಮೊಬೈಲಿನಲ್ಲಿ ಸ್ಲೈಡ್ ಹಿಡಿಯುವುದು ನನಗೆ ದಂಡ ಅನಿಸಿದೆ. ಗೆರೆಯಿಲ್ಲದ ಎ5 ಪುಸ್ತಕ, 2ಬಿ ಪೆನ್ಸಿಲ್, ಕಟ್ಟಡಕ್ಕೊಂದು ಪುಟ. ಪ್ಲಾನ್ ಆಮೇಲೆ ಎಲ್ಲಾದರೂ ಸಿಗುತ್ತದೆ, ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ) ಸಿಗುವುದು ಕಷ್ಟ, ಸೆಕ್ಷನ್ನನ್ನೇ ಗೀಚಿಕೊಳ್ಳಿ. ಅಳತೆಯ ಅಕ್ಷರ ಸ್ಲೈಡಿನ ಕೆಳಗಿರುವುದೇ ಹೆಚ್ಚು, ಎದುರಿನವರ ತಲೆ ಅದನ್ನೇ ಮುಚ್ಚುತ್ತದೆ. ಹಾಗಾಗಿ ನಡುದಾರಿಯ ಪಕ್ಕದ ಕುರ್ಚಿ.

ಎಲ್ಲಕ್ಕಿಂತ ಜಾರಿಹೋಗುವುದು ಜೋಡಣೆ. ವಾಸ್ತುಶಿಲ್ಪಿ ಕೆಂಗೊ ಕುಮಾ ಅವರ ಜಿಸಿ ಪ್ರೊಸ್ಥೊ ಮ್ಯೂಸಿಯಂ (ಜಪಾನಿನ ಕಾಸುಗಾಯಿ, 2010) ನೋಡಿ. 60×60 ಮಿ.ಮೀ. ಮರದ ಕೋಲುಗಳು, 50 ಸೆಂ.ಮೀ. ಚೌಕಗಳ ಜಾಲ, ಮೊಳೆಯಿಲ್ಲ. ಮೂಲ ಚಿದೊರಿ ಎಂಬ ಹಳೆಯ ಮರದ ಕಡ್ಡಿಗಳ ಆಟಿಕೆ. ಕೊನೆಯ ಕಡ್ಡಿ ತೂರಿಸಿ ತಿರುವಿದಾಗ ಬೀಗ ಬೀಳುತ್ತದೆ. ಫೋಟೊದಲ್ಲಿ ಮೂರು ಕೋಲು ಕೂಡಿದ್ದು ಮಾತ್ರ ಕಾಣುತ್ತದೆ. ಕೋಲು ಕೂರಲು ಕೊರೆದ ಕಚ್ಚು ಒಳಗೇ ಅಡಗಿರುತ್ತದೆ, ಎಷ್ಟು ಹೊತ್ತು ದಿಟ್ಟಿಸಿದರೂ ಹೊರಬರುವುದಿಲ್ಲ. ಬಿಡಿ ಕೋಲಿನ ಚಿತ್ರ ಪರದೆಗೆ ಬಂದ ಆ ಹತ್ತು ಸೆಕೆಂಡಿನಲ್ಲಿ ಬೇರೆಲ್ಲ ಬಿಟ್ಟು ಕಚ್ಚಿನ ಆಳ, ಅಗಲ, ಯಾವ ಮುಖದಲ್ಲಿದೆ ಎಂದು ಬರೆದುಕೊಳ್ಳಬೇಕು. ಆ ಚಿತ್ರ ಬರದೇ ಹೋದರೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಅದನ್ನೇ ಕೇಳಿ.

ಮನೆಗೆ ಬಂದು 12 ಮಿ.ಮೀ. ಚೌಕದ ಮರದ ಪಟ್ಟಿಯಲ್ಲಿ 1:5 ಅಳತೆಗೆ ಮಾಡಿ ನೋಡುತ್ತೇನೆ. ಕಚ್ಚು ಅರ್ಧ ಮಿ.ಮೀ. ಸಡಿಲವಾದರೆ ಇಡೀ ಜಾಲ ಅಲ್ಲಾಡುತ್ತದೆ. ಬಿಗಿಯಾದರೆ ತಿರುವುವಾಗ ನಾರಿನ ಉದ್ದಕ್ಕೆ ಸೀಳುತ್ತದೆ. ಒಂದು ಕೂಡು ಮಾಡಿದರೆ ಸಾಲದು. ಜಾಲ ಬೆಳೆದಂತೆ ತಪ್ಪು ಕೂಡುತ್ತಾ ಹೋಗುವುದು ಏಳೆಂಟು ಕೂಡು ಆದಮೇಲೇ ತಿಳಿಯುವುದು.

ದುಭಾಷಿ ಇದ್ದರೆ ಒಂದು ಗಂಟೆಯಲ್ಲಿ ಮಾತು ಅರ್ಧ ಗಂಟೆಯದು. ಮೊದಲ ಸುತ್ತು, ಅಂದರೆ ಜಪಾನಿ ಮಾತು ನಡೆಯುವಾಗ, ಚಿತ್ರ ಬರೆಯಿರಿ. ಅನುವಾದ ಬಂದಾಗ ಸಂಖ್ಯೆ ತುಂಬಿ. ಪ್ರಶ್ನೆ ಎರಡು ವಾಕ್ಯ ಮೀರಬಾರದು, ನಕಾರದಲ್ಲಂತೂ ಬೇಡವೇ ಬೇಡ. "ಮಳೆಗೆ ಮರ ಹಾಳಾಗುವುದಿಲ್ಲವೇ?" ಎಂದು ಕೇಳಿದರೆ ಜಪಾನಿಯ "ಹಾಯ್" (ಹೌದು) ಎಂಬ ಉತ್ತರ "ಹೌದು, ಹಾಳಾಗುವುದಿಲ್ಲ" ಎಂದಾಗುತ್ತದೆ, ಕೇಳಿದವರು ತಿರುವಿ ತಿಳಿದುಕೊಂಡು ಹೋಗುತ್ತಾರೆ. "ಹೊರಗಿನ ಮರಕ್ಕೆ ಏನು ಬಳಿದಿದ್ದೀರಿ, ಎಷ್ಟು ವರ್ಷಕ್ಕೊಮ್ಮೆ?" ಎನ್ನಿ.

"ಇಂಥ ಮನೆಯಲ್ಲಿ ಯಾರಾದರೂ ಇರುತ್ತಾರಾ?" ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳಿಯೇ ತೀರುತ್ತಾರೆ. ಜಪಾನಿನಲ್ಲಿ ತೆರಿಗೆ ಲೆಕ್ಕದಲ್ಲಿ ಮರದ ವಾಸದ ಮನೆಯ ಆಯುಷ್ಯ 22 ವರ್ಷ. ಬೆಲೆ ನೆಲಕ್ಕೆ, ಮನೆಗಲ್ಲ; ಮಾರುವ ಚಿಂತೆ ಕಡಿಮೆಯಾದ್ದರಿಂದ ಕಟ್ಟಿಸುವವರಿಗೂ ಧೈರ್ಯ ಹೆಚ್ಚು. ಇದು ಮೊದಲೇ ಗೊತ್ತಿದ್ದರೆ ಆ ಪ್ರಶ್ನೆಯ ಐದು ನಿಮಿಷ ಕಚ್ಚಿನ ಆಳಕ್ಕೆ ಉಳಿಯುತ್ತದೆ.