ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಟಿಕೆಟ್‌ನಲ್ಲಿ ಪ್ರಯಾಣದ ಅವಧಿ ಒಂದೂವರೆ ಗಂಟೆ ಎಂದಿರುತ್ತದೆ. ವಿಮಾನದೊಳಗೆ ಕುಳಿತ ಮೇಲೆ, ಹಾರಾಟಕ್ಕೆ ಒಂದು ಗಂಟೆ ಹತ್ತು ನಿಮಿಷ ಎಂಬ ಪ್ರಕಟಣೆ ಕೇಳಿಸುತ್ತದೆ. ಎರಡೂ ನಿಜವೇ. ನಡುವಿನ ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತೆಂದು ತಿಳಿಯಲು ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಬೇಕು. ಕಾಗದ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಊರಿನದು ಬೇಡ, ನಿಲ್ದಾಣದ್ದೇ ಆಗಬೇಕು. ಒಂದೇ ಹೆಸರಿನ ಊರುಗಳು ಹಲವು ಇರುವುದರಿಂದ ಟಿಕೆಟ್‌ನ ಮೂರಕ್ಷರದ ಸಂಕೇತ ಹಿಡಿದು ಹುಡುಕುವುದು ಕ್ಷೇಮ. ಇನ್ನೊಂದು ಎಚ್ಚರಿಕೆ: 15 ಡಿಗ್ರಿ 30 ನಿಮಿಷ ಎಂದರೆ 15.5, 15.30 ಅಲ್ಲ. ಇಲ್ಲಿ ಎಡವಿದರೆ 22 ಕಿ.ಮೀ.ನಷ್ಟು ದೂರವೇ ತಪ್ಪಿಹೋಗುತ್ತದೆ.

ಒಂದು ನಿಲ್ದಾಣ 15 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಲ್ಲಿದೆ, ಇನ್ನೊಂದು 18 ಉತ್ತರ, 79 ಪೂರ್ವದಲ್ಲಿದೆ ಎಂದುಕೊಳ್ಳೋಣ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಮೂರು ಡಿಗ್ರಿಗೆ 333. ರೇಖಾಂಶ ಹಾಗಲ್ಲ; ಧ್ರುವಗಳತ್ತ ಸಾಗಿದಂತೆ ಆ ಗೆರೆಗಳು ಒತ್ತೊತ್ತಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಅವುಗಳ ಅಂತರ ಅರ್ಧಕ್ಕೇ ಇಳಿದಿರುತ್ತದೆ. ಆದ್ದರಿಂದ 111ನ್ನು ಸರಾಸರಿ ಅಕ್ಷಾಂಶವಾದ 16.5ರ ಕೊಸೈನ್‌ನಿಂದ, ಅಂದರೆ 0.959ರಿಂದ ಗುಣಿಸಬೇಕು. ನಾಲ್ಕು ಡಿಗ್ರಿಗೆ ಸುಮಾರು 426 ಕಿ.ಮೀ. ಬರುತ್ತದೆ. ಇನ್ನುಳಿದದ್ದು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ: ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 540 ಕಿ.ಮೀ. ಖಂಡಾಂತರ ಪ್ರಯಾಣಕ್ಕೆ ಈ ವಿಧಾನ ಸಲ್ಲದು. ಅಲ್ಲಿ ಭೂಮಿಯ ಗೋಳಾಕಾರವನ್ನು ಗಣಿಸುವ ಮಹಾವೃತ್ತದ ಸೂತ್ರವೇ ಬೇಕು.

ವಿಮಾನ ಗೆರೆ ಎಳೆದಂತೆ ಹಾರುವುದಿಲ್ಲ. ಗೊತ್ತುಪಡಿಸಿದ ಮಾರ್ಗ ಹಿಡಿಯಬೇಕು, ರನ್‌ವೇ ಇರುವ ದಿಕ್ಕಿಗೆ ತಿರುಗಿ ಇಳಿಯಬೇಕು. ಅದಕ್ಕಾಗಿ ನಾನು 40 ಕಿ.ಮೀ. ಸೇರಿಸಿ 580 ಎಂದು ಹಿಡಿಯುತ್ತೇನೆ.

ಇನ್ನು ವೇಗ. ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಸಾಗುತ್ತದೆ, ಜೆಟ್ ಸುಮಾರು 800. ಭಾಗಿಸಿದರೆ 70 ನಿಮಿಷ ಮತ್ತು 44 ನಿಮಿಷ. ಆದರೆ ಏರುವಾಗ, ಇಳಿಯುವಾಗ ಈ ವೇಗ ಇರುವುದಿಲ್ಲ. ಜೆಟ್ ಹೆಚ್ಚು ಎತ್ತರಕ್ಕೆ ಏರುವುದರಿಂದ ಅದಕ್ಕೆ 15 ನಿಮಿಷ, ಪ್ರೊಪೆಲ್ಲರ್ ವಿಮಾನಕ್ಕೆ 10 ನಿಮಿಷ ಕೂಡಿಸಿ. ರನ್‌ವೇವರೆಗೆ ಉರುಳಿ ಹೋಗುವುದು, ಇಳಿದ ಮೇಲೆ ನಿಲುಗಡೆಗೆ ಬರುವುದು, ಎರಡಕ್ಕೂ ಸೇರಿ ಇನ್ನೊಂದು 15. ಈಗ 95 ನಿಮಿಷ ಮತ್ತು 74 ನಿಮಿಷ! ವೇಗದಲ್ಲಿ ಅಷ್ಟು ಮುಂದಿರುವ ಜೆಟ್ ಸಣ್ಣ ದೂರದಲ್ಲಿ ಉಳಿಸಿಕೊಡುವುದು ಬರೀ 21 ನಿಮಿಷ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ವೇಳಾಪಟ್ಟಿ ತೋರಿಸುವುದು ನಿಲುಗಡೆಯಿಂದ ನಿಲುಗಡೆಗೆ ಹಿಡಿಯುವ ಈ ಪೂರ್ತಿ ಸಮಯವನ್ನು. ಪ್ರಕಟಣೆಯಲ್ಲಿ ಹೇಳುವುದು ಗಾಳಿಯಲ್ಲಿರುವ ಹೊತ್ತನ್ನು ಮಾತ್ರ. ಕಾಣೆಯಾದ ನಿಮಿಷಗಳೆಲ್ಲ ನೆಲದ ಮೇಲೆಯೇ ಕಳೆದಿರುತ್ತವೆ.

ಗಾಳಿಯನ್ನೂ ಮರೆಯಬೇಡಿ. ಗಂಟೆಗೆ 50 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ಆ 70 ನಿಮಿಷ 77 ಆಗುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ 63. ಹೋಗುವ, ಬರುವ ಅವಧಿಗಳು ಬೇರೆಯಾಗುವುದು ಹೀಗೆ. ಎರಡು ನಿಲ್ದಾಣಗಳು ಬೇರೆ ಬೇರೆ ಕಾಲವಲಯದಲ್ಲಿದ್ದರೆ, ಟಿಕೆಟ್‌ನ ಎರಡೂ ಸಮಯಗಳು ಆಯಾ ಸ್ಥಳದವು; ಎರಡನ್ನೂ ಒಂದೇ ವಲಯಕ್ಕೆ ಬದಲಾಯಿಸಿಕೊಂಡ ಮೇಲೆಯೇ ಕಳೆಯಿರಿ.