ಕಾಲೇಜಿನವರು ಬೇಡ ಅಂದ ಮೇಲೆ: ಟ್ರಾನ್ಸ್‌ಫರ್ ಯೋಚನೆಯಲ್ಲಿರುವ ಹೊಸಬರಿಗೆ

ಮಾರ್ಚ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬೇ ಏರಿಯಾಕ್ಕೆ ಬಂದು ಎರಡು ಮೂರು ವರ್ಷವಾದ ಕನ್ನಡದ ಮನೆಗಳಿಂದ ಕರೆ. "ಅಕ್ಕಾ, ಬರ್ಕ್ಲಿ ಆಗಲಿಲ್ಲ, ಯುಸಿಎಲ್‌ಎ ಆಗಲಿಲ್ಲ. ಈಗ ಸಿಕ್ಕಿರೋ ಕಡೆ ಸೇರಿಸಿಬಿಟ್ಟು, ಒಂದು ವರ್ಷ ಆದ ಮೇಲೆ ಟ್ರಾನ್ಸ್‌ಫರ್ ಮಾಡಿಸಬಹುದಾ?" ಪ್ರಶ್ನೆ ಪ್ರತಿ ವರ್ಷವೂ ಇದೇ. ಉತ್ತರ ಮಾತ್ರ ಒಂದೊಂದು ಮನೆಗೆ ಒಂದೊಂದು. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಬ್ಬರು ಮಕ್ಕಳೂ ಟ್ರಾನ್ಸ್‌ಫರ್ ಆಗಿಯೇ ಓದು ಮುಗಿಸಿದವರು. ಮಗಳ ವಿಷಯದಲ್ಲಿ ತಪ್ಪು ಮಾಡಿದೆವು, ಮಗನ ವಿಷಯದಲ್ಲಿ ಅದನ್ನು ತಿದ್ದಿಕೊಂಡೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ನಮ್ಮ ತಲೆಯೊಳಗೆ ಇನ್ನೂ ಸಿಇಟಿ ಕೂತಿರುತ್ತದೆ. ಅಲ್ಲಿ ರ್‍ಯಾಂಕ್ ಇರುತ್ತದೆ, ಕಟ್‌ಆಫ್ ಇರುತ್ತದೆ. ಸೀಟು ತಪ್ಪಿದರೆ ಯಾಕೆ ತಪ್ಪಿತು ಅಂತ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಬರ್ಕ್ಲಿ, ಯುಸಿಎಲ್‌ಎ ಎಲ್ಲ ಸೇರಿದ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳಂತೂ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಗ್ರೇಡು, ತೆಗೆದುಕೊಂಡ ಕೋರ್ಸು, ಪ್ರಬಂಧ, ಮೇಜರ್ (ಡಿಗ್ರಿಗೆ ಆರಿಸಿಕೊಂಡ ಮುಖ್ಯ ವಿಷಯ), ಓದಿದ ಶಾಲೆ, ಎಲ್ಲ ಸೇರಿಸಿ ಯಾರೋ ಒಂದು ತೀರ್ಮಾನಕ್ಕೆ ಬರುತ್ತಾರೆ. ಕಾರಣ ಹೇಳುವುದಿಲ್ಲ. ಅದನ್ನು ಹುಡುಕುತ್ತಾ ಕೂತರೆ ಏಪ್ರಿಲ್ ಪೂರ್ತಿ ಹಾಳು, ಮಗುವಿನ ಮನಸ್ಸೂ ಹಾಳು.

ಏಪ್ರಿಲ್‌ನಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ. ಮೇ 1ರೊಳಗೆ ಸಿಕ್ಕಿರುವ ಯಾವುದಾದರೂ ಒಂದು ಕಡೆ ಡೆಪಾಸಿಟ್ ಕಟ್ಟಿ. ವೇಯ್ಟ್‌ಲಿಸ್ಟ್ ಸಿಕ್ಕಿದ್ದರೆ ಒಪ್ಪಿಕೊಳ್ಳಿ, ಆದರೆ ಅದನ್ನೇ ನಂಬಿಕೊಂಡು ಡೆಪಾಸಿಟ್ ಬಿಡಬೇಡಿ. ಅಪೀಲು ಹಾಕಲು ಅವಕಾಶವಿದ್ದರೂ, ಅರ್ಜಿಯಲ್ಲಿ ಇಲ್ಲದ ಹೊಸ ಸಂಗತಿ ಇದ್ದರೆ ಮಾತ್ರ ಅದಕ್ಕೆ ಅರ್ಥ. "ನಮ್ಮ ಮಗ ಬಹಳ ಬುದ್ಧಿವಂತ" ಅನ್ನೋದು ಹೊಸ ಸಂಗತಿ ಅಲ್ಲ. ಎಲ್ಲ ಕಡೆಯೂ ಬಾಗಿಲು ಮುಚ್ಚಿದ್ದರೆ, ಇನ್ನೂ ಸೀಟು ಉಳಿದಿರುವ ಕಾಲೇಜುಗಳ ಪಟ್ಟಿಯೊಂದನ್ನು ಕಾಲೇಜು ಕೌನ್ಸಿಲರ್‌ಗಳ ಸಂಘವಾದ ಎನ್‌ಎಸಿಎಸಿ ಪ್ರತಿ ಮೇ ತಿಂಗಳಲ್ಲಿ ಹಾಕುತ್ತದೆ. ಅದರಲ್ಲಿ ಒಳ್ಳೊಳ್ಳೆಯ ಹೆಸರುಗಳೂ ಇರುತ್ತವೆ.

ಬೇಡ ಅಂದ ಪತ್ರವನ್ನೂ ಕೊನೆಯ ಸಾಲಿನವರೆಗೆ ಓದಿ. ಇದನ್ನು ನಗೆಚಾಟಿಕೆಗೆ ಹೇಳುತ್ತಿಲ್ಲ. ಕಾರ್ನೆಲ್, ಜಾರ್ಜಿಯಾ ಟೆಕ್‌ನಂಥ ಕೆಲವು ಕಡೆ, ಈಗ ತೆಗೆದುಕೊಳ್ಳದ ಕೆಲವರಿಗೆ ‘ಒಂದು ವರ್ಷ ಬೇರೆ ಕಡೆ ಓದಿ, ಇಂತಿಷ್ಟು ಗ್ರೇಡು ತನ್ನಿ, ಆಮೇಲೆ ಬನ್ನಿ’ ಎಂಬ ಆಯ್ಕೆ ಕೊಡುತ್ತಾರೆ. ಟೆಕ್ಸಸ್‌ನಲ್ಲಿ ಯುಟಿ ಆಸ್ಟಿನ್ ‘ಕ್ಯಾಪ್’ ಅನ್ನುವ ದಾರಿ ಇಟ್ಟಿದೆ. ಯುಟಿಯ ಬೇರೆ ಕ್ಯಾಂಪಸ್‌ನಲ್ಲಿ ಮೊದಲ ವರ್ಷ ಓದಿ ಬರುವುದು. ಅದು ಯಾವ ಮೇಜರ್‌ಗೆ ಅನ್ವಯಿಸುತ್ತದೆ ಅಂತ ನೋಡಿಕೊಳ್ಳದೆ ಕುಣಿಯಬೇಡಿ. ಎಂಜಿನಿಯರಿಂಗ್ ಆಸೆ ಇಟ್ಟುಕೊಂಡವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಯಾಕೆ ಟ್ರಾನ್ಸ್‌ಫರ್? ಒಂದು ಕಾಗದದ ಮೇಲೆ ಬರೆಸಿ: "ಈಗ ಸಿಕ್ಕಿರುವ ಕಾಲೇಜಿನಲ್ಲಿ ನನಗೆ ಬೇಕಾದದ್ದು ಏನು ಇಲ್ಲ?" ಉತ್ತರ ಮಗು ಬರೆಯಬೇಕು, ನೀವಲ್ಲ. ಬೇಕಾದ ಮೇಜರ್ ಅಲ್ಲಿ ಇಲ್ಲ ಎಂದರೆ ಅದು ಕಾರಣ. ಮೇಜರ್ ಇದೆ, ಆದರೆ ಒಳಗೆ ಸೇರಿದ ಮೇಲೆ ಕಂಪ್ಯೂಟರ್ ಸೈನ್ಸಿಗೆ ಬದಲಾಯಿಸಿಕೊಳ್ಳಲು ಬಿಡುವುದಿಲ್ಲ ಎಂದರೆ ಅದೂ ಕಾರಣ. ಫೀಸು ಕೈಗೆ ಎಟುಕುತ್ತಿಲ್ಲ, ಅದು ಬಹಳ ದೊಡ್ಡ ಕಾರಣ. ಆದರೆ ಕಾಗದದಲ್ಲಿ ಕಾಲೇಜಿನ ಹೆಸರು ಬಿಟ್ಟು ಇನ್ನೇನೂ ಬರಲಿಲ್ಲ ಎಂದರೆ, ಸದ್ಯಕ್ಕೆ ಸುಮ್ನೆ ಅಲ್ಲೇ ಸೇರಿಸಿ.

ಯುಗಾದಿ ಕಾರ್ಯಕ್ರಮ ಸರಿಯಾಗಿ ಇದೇ ಹೊತ್ತಿಗೆ ಬರುತ್ತದೆ ನೋಡಿ. ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬಟ್ಟು ಬಡಿಸಿಕೊಳ್ಳುವಷ್ಟರಲ್ಲಿ ಮೂರು ಜನ ಕೇಳಿರುತ್ತಾರೆ, "ಮಗಳು ಎಲ್ಲಿಗೆ?" ಎಂದು. ಆ ಸಾಲಿನಲ್ಲಿ ಹೇಳಲಿಕ್ಕೆ ಒಂದು ಉತ್ತರ ಬೇಕು ಅಂತಲೇ ನಾವು ಮಗಳನ್ನು ದೂರದ ರಾಜ್ಯದ ಒಂದು ದುಬಾರಿ ಖಾಸಗಿ ಕಾಲೇಜಿಗೆ ಕಳಿಸಿದ್ದು. ಆಗ ಒಪ್ಪಿಕೊಂಡಿರಲಿಲ್ಲ. ಈಗ ಒಪ್ಪಿಕೊಳ್ಳುತ್ತೇನೆ. "ಒಂದು ವರ್ಷ ಅಷ್ಟೇ, ಆಮೇಲೆ ಬರ್ಕ್ಲಿಗೆ ಬಂದುಬಿಡು" ಅಂತ ವಿಮಾನ ನಿಲ್ದಾಣದಲ್ಲೇ ಅವಳಿಗೆ ಹೇಳಿದೆ. ಅವಳು ಅದನ್ನೇ ಹಿಡಿದುಕೊಂಡಳು. ರೂಮಿನ ಗೋಡೆಗೆ ಒಂದು ಚಿತ್ರ ಅಂಟಿಸಲಿಲ್ಲ. ಯಾವ ಕ್ಲಬ್ಬಿಗೂ ಸೇರಲಿಲ್ಲ. ಪ್ರೊಫೆಸರ್‌ಗಳ ಆಫೀಸ್ ಅವರ್‌ಗೂ ಹೋಗಲಿಲ್ಲ. ಫೆಬ್ರವರಿಯಲ್ಲಿ ಟ್ರಾನ್ಸ್‌ಫರ್ ಅರ್ಜಿಗೆ ಪ್ರೊಫೆಸರ್ ಶಿಫಾರಸು ಪತ್ರ ಬೇಕು ಅಂದಾಗ, ಅವಳ ಹೆಸರು ಗೊತ್ತಿದ್ದ ಪ್ರೊಫೆಸರೇ ಇರಲಿಲ್ಲ.

ಬರ್ಕ್ಲಿಯಂತೂ ದೂರದ ಮಾತು. ಯುಸಿಗಳು ಟ್ರಾನ್ಸ್‌ಫರ್ ತೆಗೆದುಕೊಳ್ಳುವುದು ಹೆಚ್ಚಾಗಿ ಮೂರನೇ ವರ್ಷಕ್ಕೆ. ಅಂದರೆ 60 ಸೆಮಿಸ್ಟರ್ ಯೂನಿಟ್ (ಕೋರ್ಸು ಮುಗಿಸಿದರೆ ಸಿಗುವ ಕ್ರೆಡಿಟ್) ಅಥವಾ 90 ಕ್ವಾರ್ಟರ್ ಯೂನಿಟ್ ಮುಗಿದಿರಬೇಕು. ಒಂದೇ ವರ್ಷಕ್ಕೆ ಬರುವ ಮಾತೇ ಇರಲಿಲ್ಲ, ನಮಗೆ ಗೊತ್ತೇ ಇರಲಿಲ್ಲ! ಕೊನೆಗೆ ಎರಡನೇ ವರ್ಷಕ್ಕೆ ಬೇರೊಂದು ಕಾಲೇಜು ಒಪ್ಪಿತು. ಆದರೆ ಅವಳ 34 ಯೂನಿಟ್‌ಗಳಲ್ಲಿ 9 ಮೇಜರ್‌ಗೆ ಲೆಕ್ಕಕ್ಕೇ ಬರಲಿಲ್ಲ. ಒಂದು ಸೆಮಿಸ್ಟರ್ ಜಾಸ್ತಿ ಓದಿದಳು. ಹಳೆಯ ಕಾಲೇಜಿನ ಮೆರಿಟ್ ಸ್ಕಾಲರ್‌ಶಿಪ್ ಹಿಂದೆ ಉಳಿಯಿತು, ಹೊಸ ಕಾಲೇಜಿನ ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೆ ಸೇರುವವರಿಗೆ ಮಾತ್ರ ಅಂದರು.

ಇದರಲ್ಲಿ ನಿಮಗೆ ಬೇಕಾದ ಮಾತು ಇಷ್ಟು. ಮೊದಲ ವರ್ಷದಲ್ಲೇ ಅರ್ಜಿ ಹಾಕಿದರೆ, ಹೊಸ ಕಾಲೇಜಿನ ಮುಂದೆ ಇರುವುದು ಹಳೆಯ ಹೈಸ್ಕೂಲ್ ಫೈಲು, ಜೊತೆಗೆ ಒಂದು ಸೆಮಿಸ್ಟರ್ ಗ್ರೇಡು. ಕಳೆದ ವರ್ಷ ಬೇಡ ಅಂದವರ ಮುಂದೆ ಅದೇ ಫೈಲು ಮತ್ತೆ ಹೋಗುತ್ತದೆ. ಎರಡು ವರ್ಷ ಚೆನ್ನಾಗಿ ಓದಿ ಹೋದರೆ ಹೈಸ್ಕೂಲ್ ಹಿಂದೆ ಸರಿಯುತ್ತದೆ. ಮತ್ತೆ, ಪ್ರತಿ ಕೋರ್ಸಿನ ಸಿಲಬಸ್ಸನ್ನೂ ತೆಗೆದಿಟ್ಟುಕೊಳ್ಳಿ. ಕ್ರೆಡಿಟ್ ಒಪ್ಪಲ್ಲ ಅಂದಾಗ ವಾದ ಮಾಡಲಿಕ್ಕೆ ನಿಮ್ಮ ಕೈಯಲ್ಲಿ ಇರುವುದು ಅದೊಂದೇ.

ಮಗನ ಸರದಿ ಬಂದಾಗ ಕಮ್ಯುನಿಟಿ ಕಾಲೇಜು ಅಂದೆವು, ಅಂದರೆ ಮೊದಲ ಎರಡು ವರ್ಷದ ಓದಿಗೆ ಇರುವ, ಫೀಸು ಕಡಿಮೆಯ ಸರ್ಕಾರಿ ಕಾಲೇಜು. ಹೊಸಬರು ಈ ಹೆಸರು ಕೇಳಿದ ಕೂಡಲೇ ಮುಖ ಸಿಂಡರಿಸುತ್ತಾರೆ. ಊರಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿಇಗೆ ಬರುವವರನ್ನು ನೋಡಿದ್ದೀರಲ್ಲ, ಹೆಚ್ಚು ಕಮ್ಮಿ ಹಾಗೆ ಅಂದುಕೊಳ್ಳಿ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಕೊನೆಗೆ ಓದಿದ ಯೂನಿವರ್ಸಿಟಿಯ ಹೆಸರೇ ಇರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ನಮ್ಮವರಿಗೆ ನಂಬಲಿಕ್ಕೆ ಕಷ್ಟವಾಗುವ ಮಾತು ಇದು: ಒಂದು ಯುಸಿಯಿಂದ ಇನ್ನೊಂದು ಯುಸಿಗೆ ಹೋಗುವುದಕ್ಕಿಂತ, ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ ಹೋಗುವುದು ಸುಲಭ. ರಾಜ್ಯದ ಕಮ್ಯುನಿಟಿ ಕಾಲೇಜಿನವರಿಗೆ ಯುಸಿ ಮೊದಲ ಆದ್ಯತೆ ಕೊಡುತ್ತದೆ. ಟ್ರಾನ್ಸ್‌ಫರ್ ಆಗಿ ಬರುವವರಲ್ಲಿ ಬಹುಪಾಲು ಅವರೇ. ಹಾಗಾಗಿ "ಸದ್ಯಕ್ಕೆ ಯುಸಿ ಮರ್ಸೆಡ್‌ಗೆ ಸೇರಿಸಿ ಆಮೇಲೆ ಯುಸಿಎಲ್‌ಎಗೆ ಎಳೆದುಕೊಳ್ಳೋಣ" ಅನ್ನುವ ಲೆಕ್ಕ ತಲೆಕೆಳಗು. ಮರ್ಸೆಡ್‌ನಲ್ಲಿ ನಾಲ್ಕು ವರ್ಷ ಓದುವ ಮನಸ್ಸಿದ್ದರೆ ಮಾತ್ರ ಮರ್ಸೆಡ್‌ಗೆ ಕಳಿಸಿ.

ಇದರ ಮೇಲೆ ಕಮ್ಯುನಿಟಿ ಕಾಲೇಜಿನವರಿಗೆ ‘ಟ್ಯಾಗ್’ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಕ್ಯಾಂಪಸ್‌ಗಳು ಕೇಳಿದ ಕೋರ್ಸು, ಕೇಳಿದ ಜಿಪಿಎ (ಸರಾಸರಿ ಗ್ರೇಡು) ತಂದವರಿಗೆ ಸೀಟು ಖಾತ್ರಿ ಕೊಡುತ್ತವೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇದರಲ್ಲಿ ಇಲ್ಲ. ಟ್ಯಾಗ್ ಒಂದೇ ಕ್ಯಾಂಪಸ್‌ಗೆ ಹಾಕಬಹುದು, ಅದೂ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ. ಮಾಮೂಲಿ ಅರ್ಜಿ ಉಳಿದ ಕಡೆಗೂ ಹಾಕಬಹುದು, ಅದು ಅಕ್ಟೋಬರ್‌ನಿಂದ ಶುರು. ಇನ್ನೊಂದು ಕೊಕ್ಕೆ ಇದೆ: ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್‌ನಂಥ ಜನ ಮುಗಿಬೀಳುವ ಮೇಜರ್‌ಗಳಿಗೆ ಹಲವು ಕ್ಯಾಂಪಸ್‌ಗಳಲ್ಲಿ ಟ್ಯಾಗ್ ಇಲ್ಲ. ನಮ್ಮವರಲ್ಲಿ ಹತ್ತಕ್ಕೆ ಎಂಟು ಮಂದಿ ಕೇಳುವುದು ಅದನ್ನೇ, ಅಲ್ವಾ? ಆ ವರ್ಷದ ಪಟ್ಟಿ ನೋಡದೆ ಮಗುವಿಗೆ ಭರವಸೆ ಕೊಡಬೇಡಿ.

ಯಾವ ಕೋರ್ಸು ಯಾವ ಯುಸಿಯಲ್ಲಿ ಯಾವುದಕ್ಕೆ ಸಮ ಎಂದು ತಿಳಿಯಲು ಅಸಿಸ್ಟ್ ಡಾಟ್ ಆರ್ಗ್ ಇದೆ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್, ಮೂರನ್ನೂ ಹಾಕಿದರೆ ಪಟ್ಟಿ ಬರುತ್ತದೆ. ಮಗ ಡಿ ಆನ್ಜಾ ಕಮ್ಯುನಿಟಿ ಕಾಲೇಜು ಸೇರುವ ಮೊದಲೇ ಮೂರು ಕ್ಯಾಂಪಸ್‌ಗಳ ಪಟ್ಟಿ ಪ್ರಿಂಟ್ ಹಾಕಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ. ಮೂರರಲ್ಲೂ ಇದ್ದ ಗಣಿತ, ಫಿಸಿಕ್ಸ್ ಮೊದಲು, ಮಿಕ್ಕಿದ್ದು ಆಮೇಲೆ. ಮಗಳ ಹೊತ್ತಿನಲ್ಲಿ ನಾವು ಮಾಡದ ಕೆಲಸ ಇದೇ. ಅವಳು ಇಷ್ಟಬಂದ ಕೋರ್ಸು ತೆಗೆದುಕೊಂಡು, ಆಮೇಲೆ ಅದಕ್ಕೆ ಹೊಂದುವ ಕಾಲೇಜು ಹುಡುಕಿದಳು.

ಫೀಸಿನ ಲೆಕ್ಕವನ್ನೂ ನೋಡಿ. ಇಲ್ಲಿ ರೆಸಿಡೆಂಟ್ (ರಾಜ್ಯದ ನಿವಾಸಿ) ಆದವರಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದರೆ 1,380 ಡಾಲರ್. ಯುಸಿಯಲ್ಲಿ ಊಟ, ವಸತಿ ಬಿಟ್ಟು ಫೀಸೇ ಸುಮಾರು 15 ಸಾವಿರ. ಹೊರಗಿನವರಾದರೆ ಅದರ ಮೇಲೆ ಇನ್ನೂ 30 ಸಾವಿರಕ್ಕೂ ಜಾಸ್ತಿ. ರೆಸಿಡೆಂಟ್ ಆಗಲು ತರಗತಿ ಶುರುವಾಗುವ ಮುಂಚೆ ಒಂದು ವರ್ಷ, ಒಂದು ದಿನ ಇಲ್ಲಿ ನೆಲೆಸಿರಬೇಕು. ಈ ವರ್ಷವಷ್ಟೇ ಬಂದವರು ಇದನ್ನು ಬೆರಳೆಣಿಸಿ ನೋಡಿಕೊಳ್ಳಿ.

ಬೇರೆ ರಾಜ್ಯದಲ್ಲಿರುವವರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮಲ್ಲೂ ಇಂಥದ್ದು ಇರುತ್ತದೆ. ವರ್ಜೀನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೂ ದೊಡ್ಡ ಯೂನಿವರ್ಸಿಟಿಗಳಿಗೂ ಸೀಟು ಖಾತ್ರಿಯ ಒಪ್ಪಂದಗಳಿವೆ. ವಾಷಿಂಗ್ಟನ್ ರಾಜ್ಯದಲ್ಲಿ ಎರಡು ವರ್ಷದ ಡಿಗ್ರಿಯನ್ನು ಇಡಿಯಾಗಿ ಒಪ್ಪಿಕೊಳ್ಳುವ ವ್ಯವಸ್ಥೆ ಇದೆ. ನಿಮ್ಮ ರಾಜ್ಯದ ಹೆಸರಿನ ಜೊತೆ ‘ಟ್ರಾನ್ಸ್‌ಫರ್ ಅಗ್ರಿಮೆಂಟ್’ ಅಂತ ಹುಡುಕಿ.

ದೊಡ್ಡ ಖಾಸಗಿ ಹೆಸರುಗಳ ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ಹಾರ್ವರ್ಡ್, ಎಂಐಟಿ ಟ್ರಾನ್ಸ್‌ಫರ್ ತೆಗೆದುಕೊಳ್ಳುವುದು ಕೈಬೆರಳು ಮಡಚಿ ಎಣಿಸುವಷ್ಟು. ಪ್ರಿನ್ಸ್‌ಟನ್ ಅಂತೂ 1990ರಿಂದ 2018ರವರೆಗೆ ಒಬ್ಬರನ್ನೂ ತೆಗೆದುಕೊಳ್ಳಲಿಲ್ಲ. ಯುಎಸ್‌ಸಿ, ಕಾರ್ನೆಲ್ ಪ್ರತಿ ವರ್ಷ ನೂರುಗಟ್ಟಲೆ ಜನರನ್ನು ಸೇರಿಸಿಕೊಳ್ಳುತ್ತವೆ. ಯಾವ ಕಾಲೇಜು ಎಷ್ಟು ಜನರನ್ನು ತೆಗೆದುಕೊಂಡಿತು ಎನ್ನುವುದು ಗುಟ್ಟೇನಲ್ಲ. ‘ಕಾಮನ್ ಡೇಟಾ ಸೆಟ್’ ಎಂದು ಕಾಲೇಜಿನ ಹೆಸರಿನ ಜೊತೆ ಹುಡುಕಿ, ಅದರಲ್ಲಿ ಡಿ ವಿಭಾಗ ನೋಡಿ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು, ಎಲ್ಲ ಅಲ್ಲಿದೆ. ಸಾವಿರಾರು ಡಾಲರ್ ಕೇಳುವ ಕನ್ಸಲ್ಟೆಂಟುಗಳು ನೋಡುವುದೂ ಅದನ್ನೇ.

ವೀಸಾ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಆದರೆ ಎಚ್-4ನಲ್ಲಿ, ಅಂದರೆ ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಆಸರೆಯಲ್ಲಿರುವ ಮಕ್ಕಳಿಗೆ ಇದೇ ಮೊದಲು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎರಡು ವರ್ಷ ಓದಿ ಟ್ರಾನ್ಸ್‌ಫರ್ ಆಗುವ ಮಗುವಿಗೆ ಆಗ ವಯಸ್ಸು ಇಪ್ಪತ್ತು. ಎರಡೂ ಒಟ್ಟೊಟ್ಟಿಗೇ ಬರುತ್ತವೆ ಅಂತ ಗೊತ್ತಾಯಿತಲ್ಲ? ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಎಫ್-1 ಆದ ಮೇಲೆ ರೆಸಿಡೆಂಟ್ ಫೀಸು ಕೈತಪ್ಪಿ ಹೋಗಬಹುದು. ಹೊಸ ಕಾಲೇಜಿನ ರೆಸಿಡೆನ್ಸಿ ಕಚೇರಿಗೆ ಮೊದಲೇ ಇಮೇಲ್ ಬರೆದು, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಸರ್ಕಾರದ ಎಫ್‌ಎಎಫ್‌ಎಸ್‌ಎ ನೆರವು ಎಚ್-4ಗೂ ಇಲ್ಲ, ಎಫ್-1ಗೂ ಇಲ್ಲ; ಗ್ರೀನ್ ಕಾರ್ಡ್ ಇದ್ದರೆ ಉಂಟು. ಈಗಾಗಲೇ ಎಫ್-1ನಲ್ಲಿರುವವರು ಹಳೆಯ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳದೆ ಬಿಟ್ಟು ಬರಬೇಡಿ. ಅವರು ಸೆವಿಸ್ ದಾಖಲೆಯನ್ನು (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ದಾಖಲೆ) ಹೊಸ ಕಾಲೇಜಿಗೆ ಕಳಿಸಬೇಕು, ಹೊಸ ಕಾಲೇಜಿನವರು ಹೊಸ ಐ-20 (ಎಫ್-1ಗೆ ಬೇಕಾದ ಕಾಲೇಜಿನ ಪತ್ರ) ಕೊಡಬೇಕು. ಹಳೆಯ ಕಡೆ ಬಿಟ್ಟು ಹೊಸ ಕಡೆ ತರಗತಿ ಶುರುವಾಗುವುದರ ನಡುವೆ ಐದು ತಿಂಗಳಿಗಿಂತ ಜಾಸ್ತಿ ಬಿಡುವು ಬರಬಾರದು.

ಒಂದು ವರ್ಷ ಬಿಟ್ಟು ಮತ್ತೆ ಮೊದಲ ವರ್ಷಕ್ಕೇ ಅರ್ಜಿ ಹಾಕೋಣ ಅನ್ನುವವರೂ ಇದ್ದಾರೆ. ಆಗಬಹುದು, ಆದರೆ ಆ ವರ್ಷ ಸುಮ್ನೆ ಇರಲಾರದೆ ಯಾವುದಾದರೂ ಕಾಲೇಜಿಗೆ ಸೇರಿಬಿಟ್ಟರೆ, ಯುಸಿ ಲೆಕ್ಕದಲ್ಲಿ ಮಗು ಟ್ರಾನ್ಸ್‌ಫರ್ ಸಾಲಿಗೆ ಹೋಗುತ್ತದೆ. ಬೇಸಿಗೆ ಕೋರ್ಸಿಗೆ ಈ ತೊಂದರೆ ಇಲ್ಲ.

ಹೋದ ತಿಂಗಳು ಕರೆ ಮಾಡಿದ್ದ ಒಬ್ಬ ತಾಯಿಗೆ ಇದೆಲ್ಲ ಹೇಳಿದೆ. ಅವರ ಮಗನಿಗೆ ರಿವರ್‌ಸೈಡ್ ಸಿಕ್ಕಿತ್ತು, ಅವನಿಗೆ ಬೇಕಾದ ಮೇಜರಿನಲ್ಲೇ. ಅವನ ಕಾಗದದಲ್ಲಿ ಏನು ಬಂತು ಎಂದು ಕೇಳಿದೆ. "ಅವನು ಏನೂ ಬರೆಯಲಿಲ್ಲ ಅಕ್ಕಾ. ಹಾಸ್ಟೆಲ್ ಫಾರ್ಮ್ ತುಂಬ್ತಾ ಕೂತಿದ್ದಾನೆ" ಎಂದರು.